ಕೈ ಕೂಡಿಸದ ಭಾನುವಾರ

ತಿಳವಳ್ಳಿಯಿಂದ ಒಳಗೆ ಹೋಗುವ ಕಚ್ಚಾ ರಸ್ತೆಯಲ್ಲಿ ನಾನು ಬೈಕು ನಿಲ್ಲಿಸುವ ಮೊದಲೇ ಹೆಂಗಸೊಬ್ಬಳು ಅಡ್ಡ ಬಂದು ಹ್ಯಾಂಡಲ್ ಹಿಡಿದಳು. ಆರಾಧನೆಗೆ ಆಮೇಲೆ ಹೋಗುವಿರಂತೆ, ಮೊದಲು ಹೊಲಕ್ಕೆ ನಡೆಯಿರಿ, ತಮ್ಮ ಅಕ್ಕನನ್ನು ಕಡಿದಿದ್ದಾನೆ ಎಂದಳು. ಯಾವ ತಮ್ಮ, ಯಾವ ಅಕ್ಕ ಎಂದು ನಾನು ಕೇಳಲಿಲ್ಲ. ಆ ಊರಿನ ನಮ್ಮ ಸಭೆಯಲ್ಲಿ ಜಗಳ ಬೆಳೆಸಿಕೊಂಡವರು ಅವರಿಬ್ಬರೇ ಇದ್ದರು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಚದುರಿಕೊಂಡಿರುವ ಸಣ್ಣ ಸಣ್ಣ ಕ್ರೈಸ್ತ ಸಭೆಗಳನ್ನು ನೋಡಿಕೊಳ್ಳುವ ಪಾಸ್ಟರ್ ನಾನು. ಭಾನುವಾರ ಬೆಳಿಗ್ಗೆ ಹಾನಗಲ್ಲಿನಲ್ಲಿ ಆರಾಧನೆ ಮುಗಿಸಿ ಮಧ್ಯಾಹ್ನದೊಳಗೆ ಇನ್ನೊಂದು ಊರು ಮುಟ್ಟಬೇಕು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಪಾಸ್ಟರನಿಗೆ ಇದು ಒಳ್ಳೆಯ ಗುಣವಲ್ಲ ಎಂದು ನನ್ನ ಹೆಂಡತಿ ಹೇಳುತ್ತಲೇ ಬಂದಿದ್ದಾಳೆ, ನಾನೂ ಕೇಳುತ್ತಲೇ ಬಂದಿದ್ದೇನೆ.

ಮೆಕ್ಕೆಜೋಳ ಮುರಿದು ಖಾಲಿಯಾಗಿದ್ದ ಹೊಲ. ಬದುವಿನ ಹತ್ತಿರ ಅಕ್ಕ ಕೂತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ, ಎಡಗೈಯಿಂದ ಎದೆಗೆ ಒತ್ತಿ ಹಿಡಿದಿದ್ದಳು. ಸೆರಗಿನ ಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ. ಸ್ವಲ್ಪ ದೂರದಲ್ಲಿ ತಮ್ಮ ತನ್ನ ಜೋಳ ಒಕ್ಕುವ ಯಂತ್ರಕ್ಕೆ ಒರಗಿ, ಕೊಡಲಿಯನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಬೀಡಿ ಹಚ್ಚಲು ಹೆಣಗುತ್ತಿದ್ದ. ಕಡ್ಡಿ ಮತ್ತೆ ಮತ್ತೆ ಆರಿ ಹೋಗುತ್ತಿತ್ತು. ಊರವರು ನಿಂತಿದ್ದರು, ಹತ್ತಿರ ಹೋಗಿರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಅಕ್ಕನನ್ನು ಸವಣೂರಿಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ತವರಿಗೆ ಬಂದು ತಾಯಿಯನ್ನು ಕೊನೆಯವರೆಗೆ ನೋಡಿಕೊಂಡಳು. ತಾಯಿ ಹೋದ ಮೇಲೆ ಹೊಲದಲ್ಲಿ ಅರ್ಧ ತನ್ನದೆಂದು ನಡುವೆ ಬದು ಹಾಕಿಸಿದಳು. ಆ ಬದುವನ್ನು ತಮ್ಮ ಕಡಿಯಲು ಬಂದ, ಅವಳು ಅಡ್ಡ ನಿಂತಳು.

ಬೆರಳುಗಳನ್ನು ನಾನೇ ಆರಿಸಿದೆ. ಮೂರು ಬೆರಳು, ಒಂದು ಮಣ್ಣಿನಲ್ಲಿ, ಎರಡು ಜೋಳದ ಕೂಳೆಯ ಸಂದಿಯಲ್ಲಿ. ಹಿಂದೊಮ್ಮೆ ಗಾಣದಲ್ಲಿ ಕೈ ಸಿಕ್ಕಿಸಿಕೊಂಡವನನ್ನು ಹುಬ್ಬಳ್ಳಿಗೆ ಒಯ್ದಾಗ ಡಾಕ್ಟರೊಬ್ಬರು ನನಗೆ ಬೈದು ಕಲಿಸಿದ್ದರು. ತುಂಡಾದ ಬೆರಳನ್ನು ನೇರ ಬರ್ಫದ ಮೇಲೆ ಇಡಬಾರದು, ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು, ಆ ಚೀಲವನ್ನು ಬರ್ಫದಲ್ಲಿ ಇಡಬೇಕು. ನನ್ನ ಹತ್ತಿರ ಇದ್ದ ಶುಭ್ರ ಬಟ್ಟೆ ಎಂದರೆ ಪ್ರಭುಭೋಜನದ ಮೇಜಿಗೆ ಹಾಸುವ ಬಿಳಿ ವಸ್ತ್ರ. ಅದನ್ನೇ ಹರಿದೆ. ತಿಳವಳ್ಳಿಯ ಸೋಡಾ ಅಂಗಡಿಯಲ್ಲಿ ಬರ್ಫ ಸಿಕ್ಕಿತು.

ಪಕ್ಕದ ಹೊಲದ ಗೌಡರು ತಮ್ಮ ಜೀಪು ತಂದಿದ್ದರು. ಹಾನಗಲ್ಲಿನ ಸರಕಾರಿ ದವಾಖಾನೆಯಲ್ಲಿ ಕೈಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಸೂಜಿ ಕೊಟ್ಟು, ಹುಬ್ಬಳ್ಳಿಗೆ ಹೋಗಿ ಎಂದರು. ತಡಸ ದಾಟುವಾಗ ಅಕ್ಕ ಎರಡು ಸಲ ಕಾರಿಕೊಂಡಳು. ನಾನು ಪ್ರಾರ್ಥನೆ ಮಾಡಲೇ ಎಂದು ಕೇಳಿದೆ. ಅವಳು ಕಣ್ಣು ತೆರೆದು ನನ್ನನ್ನೇ ನೋಡಿದಳು.

"ನಾ ಸತ್ರ ಹೊಲಾ ಪೂರಾ ಅಂವಗ ಹೋಗತೈತಿ. ಅದಕ್ಕ ನಾ ಸಾಯಂಗಿಲ್ಲ, ನೋಡಕೋತ ಇರ್ರಿ," ಎಂದಳು.

ಗೌಡರು ಒಳ್ಳೆಯವರು, ಆದರೆ ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವವರಲ್ಲ. ಹುಬ್ಬಳ್ಳಿಯ ದವಾಖಾನೆಯ ಹೊರಗೆ ಚಹಾ ಕುಡಿಯುವಾಗ, "ಪಾಸ್ಟರ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮಲ್ಲೆ ಎಂಥಾ ಪಾಪಕ್ಕೂ ಮಾಫಿ ಐತಿ ಅಂತೀರಿ. ಮಾಫಿ ಐತಂತ ಗೊತ್ತಿದ್ದ ಕೊಡ್ಲಿ ಎತ್ತತಾರೋ ಏನ?" ಎಂದರು. ನನಗೆ ಸಿಟ್ಟೇ ಬಂತು. ಚಹಾದ ಲೋಟ ಅಲ್ಲೇ ಇಟ್ಟು ಒಳಗೆ ಹೋದೆ.

ಬೆರಳು ಕೂಡಲಿಲ್ಲ. ಕಡಿದ ಜಾಗ ಜಜ್ಜಿ ಹೋಗಿತ್ತು. ಆಮೇಲೆ ಕೀವಾಗಿ ಅಂಗೈಯ ಅರ್ಧವನ್ನೂ ತೆಗೆದರು. ಹೆಬ್ಬೆರಳು, ಅದರ ಪಕ್ಕದ ಬೆರಳು, ಕೆಳಗೆ ಒಂದು ತುಂಡು ಮಾಂಸ ಇಷ್ಟು ಉಳಿಯಿತು. ತಮ್ಮನನ್ನು ಪೊಲೀಸರು ಅದೇ ದಿನ ಹಿಡಿದಿದ್ದರು. ಮುಂದಿನ ಬಿತ್ತನೆಯ ಹೊತ್ತಿಗೆ ಜಾಮೀನು ಸಿಕ್ಕಿ ಊರಿಗೆ ಬಂದ.

ಬಂದವನು ಮೊದಲ ಭಾನುವಾರವೇ ಸಭೆಗೆ ಬಂದು ಕೊನೆಯ ಸಾಲಿನಲ್ಲಿ ಕೂತ. ಕ್ರಮ ಅವನಿಗೆ ಗೊತ್ತಿತ್ತು. ದೊಡ್ಡ ಪಾಪ ಮಾಡಿದವನನ್ನು ನಾವು ಸಭೆಯಿಂದ ಓಡಿಸುವುದಿಲ್ಲ. ಅವನು ಹಿಂದೆ ಕೂರುತ್ತಾನೆ, ಹಾಡುತ್ತಾನೆ, ಪಾಸ್ಟರನ ಪ್ರಸಂಗ ಕೇಳುತ್ತಾನೆ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಮಾತ್ರ ಅವನಿಗಿಲ್ಲ. ಪಶ್ಚಾತ್ತಾಪಪಟ್ಟರೆ ಒಂದು ದಿನ ಎಲ್ಲರ ಮುಂದೆ ನಿಂತು ತನ್ನ ಪಾಪವನ್ನು ಹೆಸರಿಟ್ಟು ಹೇಳಬೇಕು. ಆಮೇಲೆ ಸಭೆಯ ಹಿರಿಯರು ಅವನನ್ನೂ ಅನ್ಯಾಯಕ್ಕೆ ಒಳಗಾದವರನ್ನೂ ಮೇಜಿನ ಮುಂದೆ ಕರೆದು ಇಬ್ಬರ ಬಲಗೈಗಳನ್ನು ಒಂದರ ಮೇಲೊಂದು ಇಡುತ್ತಾರೆ. ಇದಕ್ಕೆ ಕೈ ಕೂಡಿಸುವುದು ಎನ್ನುತ್ತೇವೆ. ಕೈ ಕೂಡಿಸಲು ಒಪ್ಪದವರಿಗೂ ಭೋಜನವಿಲ್ಲ, ಯಾಕೆಂದರೆ ಕ್ಷಮಿಸದಿರುವುದೂ ಪಾಪವೇ. ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ. ಎಮ್ಮೆ ಮೇಯ್ದ ಜಗಳ, ಅತ್ತೆ ಸೊಸೆ ಮಾತು ಬಿಟ್ಟ ಜಗಳ, ಇಂಥವನ್ನೆಲ್ಲ ಚೆಂದಾಗಿ ಬಿಡಿಸುತ್ತಿತ್ತು.

ಆ ಸಭೆಯ ಹಿರಿಯರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಸೀಟಿನ ಜಗಳ ಬಿಡಿಸಿ ಬಿಡಿಸಿ, ಲೋಕದ ಜಗಳವೆಲ್ಲ ಇಬ್ಬರನ್ನೂ ಚೂರು ಸರಿಸಿ ಕೂರಿಸಿದರೆ ಮುಗಿಯುತ್ತದೆ ಎಂದು ನಂಬಿದವರು. ಭೋಜನದ ಹಿಂದಿನ ವಾರ ಮನೆ ಮನೆ ಭೇಟಿಗೆ ಹೋಗುವುದು ನಮ್ಮ ರೂಢಿ. ಹೋಗುವ ದಾರಿಯಲ್ಲಿ ಅವರು ನನಗೆ ತಮ್ಮ ಯೋಚನೆ ಹೇಳಿದರು. ಹುಡುಗ ಅತ್ತು ಅತ್ತು ಸೊರಗಿದ್ದಾನೆ. ಬರುವ ಭಾನುವಾರ ಎಲ್ಲರ ಮುಂದೆ ಪಾಪದ ಅರಿಕೆ ಮಾಡಲಿ, ಕೈ ಕೂಡಿಸೋಣ. ಅಕ್ಕ ಕೋರ್ಟಿನಲ್ಲಿ, ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿತು ಎಂದು ಹೇಳಿದರೆ ಸಾಕು, ಕೇಸು ಬಿದ್ದು ಹೋಗುತ್ತದೆ ಎಂದು ವಕೀಲರು ಹೇಳಿದ್ದಾರೆ, ಅವಳ ಕಿವಿಗೂ ಹಾಕಿದ್ದೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನಾನು ಬೈಕು ನಿಲ್ಲಿಸಿ ಕೇಳಿದೆ, ಕ್ಷಮೆಗೂ ಯಂತ್ರಕ್ಕೂ ಏನು ಸಂಬಂಧ ಎಂದು. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಕ್ಷಮಿಸಿದ ಮೇಲೆ ಕೇಸು ಇಟ್ಟುಕೊಂಡರೆ ಅದೆಂಥ ಕ್ಷಮೆ ಎಂದರು. ಸುಳ್ಳು ಸಾಕ್ಷಿ ಹೇಳುವುದು ಪಾಪವಲ್ಲವೇ ಎಂದೆ. ಮನೆತನ ಉಳಿಸಲು ಹೇಳುವ ಮಾತನ್ನು ದೇವರು ನೋಡಿಕೊಳ್ಳುತ್ತಾನೆ ಎಂದರು. ದೇವರು ನೋಡುತ್ತಾನೆ ಎಂಬುದೇ ನನ್ನ ಹೆದರಿಕೆ ಎಂದೆ. ಅವರು ನಕ್ಕರು, ನಾನು ನಗಲಿಲ್ಲ.

ತಮ್ಮನ ಮನೆಯಲ್ಲಿ ಅವನ ಹೆಂಡತಿ ಚಹಾ ತಂದಾಗ ಅವಳ ತುಟಿ ಒಡೆದು ಬಾತುಕೊಂಡಿತ್ತು. ಅಕ್ಕನ ಮನೆಗೆ ಸಾರು ಒಯ್ದಳೆಂದು ಬಿದ್ದ ಪೆಟ್ಟು ಅದು ಎಂದು ಬಾಗಿಲ ಹಿಂದೆ ಪಕ್ಕದ ಮನೆಯವಳು ನನಗೆ ಹೇಳಿದಳು. ತಮ್ಮ ನನ್ನ ಕಾಲು ಹಿಡಿದು ಅತ್ತ. ಕಣ್ಣೀರು ನಿಜವೇ ಇತ್ತು, ನನ್ನ ಪಾದ ಒದ್ದೆಯಾಯಿತು. ಏನು ಮಾಡಿದೆ ಎಂದು ಕೇಳಿದರೆ, ಸೈತಾನ ಮಾಡಿಸಿದ, ಹೊತ್ತು ಸರಿ ಇರಲಿಲ್ಲ, ಕೊಡಲಿ ಜಾರಿತು ಎಂದ. ಆ ಮಾತಿನಲ್ಲಿ ಎಲ್ಲಿಯೂ 'ನಾನು' ಎಂಬುದಿರಲಿಲ್ಲ. ಅರಿಕೆಗೆ ಇನ್ನೂ ಹೊತ್ತಾಗಿಲ್ಲ ಎಂದು ನಾನು ಹೇಳಿದೆ. ಹಿರಿಯರು, ಅರಿಕೆ ಆಗಲಿ, ಮಿಕ್ಕದ್ದು ಆಮೇಲೆ ನೋಡೋಣ ಎಂದು ಹಟ ಹಿಡಿದರು. ಸಭೆಯೇ ಅವರ ಹಿಂದೆ ಇತ್ತು. ಅರಿಕೆಯನ್ನು ಕೇಳುವುದಕ್ಕೆ ಒಪ್ಪಿದೆ, ಭೋಜನ ಕೊಡುತ್ತೇನೆ ಎನ್ನಲಿಲ್ಲ.

ಆ ಭಾನುವಾರ ಸಭೆ ತುಂಬಿತ್ತು. ಶಿಗ್ಗಾಂವಿಯಿಂದಲೂ ಹಿರೇಕೆರೂರಿನಿಂದಲೂ ನೆಂಟರು ಬಂದಿದ್ದರು. ಪ್ರಸಂಗ ಮುಗಿದ ಮೇಲೆ ತಮ್ಮ ಮುಂದೆ ಬಂದು ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಬಡಿದುಕೊಂಡ. ನಾನು ಪಾಪಿ, ನಾನು ಹುಳ, ನನ್ನನ್ನು ತೊಳೆಯಿರಿ ಎಂದು ಕೂಗಿ ಅತ್ತ. ಹೆಂಗಸರು ಅತ್ತರು, ಗಂಡಸರೂ ಮೂಗು ಒರೆಸಿಕೊಂಡರು. ನನ್ನ ಕಣ್ಣೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅಕ್ಕನ ಹೆಸರು, ಕೊಡಲಿ ಎಂಬ ಮಾತು, ಕೈ ಎಂಬ ಮಾತು ಅವನ ಬಾಯಿಂದ ಒಂದು ಸಲವೂ ಬರಲಿಲ್ಲ.

ಹಿರಿಯರು ಎದ್ದು ಅಕ್ಕನನ್ನು ಕರೆದರು. ಅವಳು ಬಂದು ಮೇಜಿನ ಮುಂದೆ ನಿಂತಳು. ರೂಢಿಯ ಮಾತು ರೂಢಿಯಂತೆ ಹಿರಿಯರ ಬಾಯಿಂದ ಬಂತು, ಬಲಗೈ ಮುಂದೆ ಮಾಡವ್ವ ಎಂದು.

ಅಕ್ಕ ಸೆರಗು ಸರಿಸಿ ಕೈ ಎತ್ತಿದಳು. ಊರಲ್ಲಿ ಯಾರಿಗೂ ಅವಳು ಅದನ್ನು ತೋರಿಸಿರಲಿಲ್ಲ. ಹೊಲಿಗೆಯ ಗೆರೆ, ಕೆಂಪಗೆ ಹೊಳೆಯುವ ಚರ್ಮ, ಕೊಕ್ಕೆಯಾಗಿ ಉಳಿದ ಎರಡು ಬೆರಳು. ಮುಂದಿನ ಸಾಲಿನ ಮಗುವೊಂದು ಕಿರುಚಿ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಿತು.

"ಉಳದದ್ದು ಇಷ್ಟರಿ. ಇದನ್ನ ಕೂಡಸ್ರಿ," ಎಂದಳು. "ಆದ್ರ ಯಂತ್ರ ಕಡದೈತಿ ಅಂತ ನಾ ಹೇಳಂಗಿಲ್ಲ. ಇಲ್ಲೂ ಹೇಳಂಗಿಲ್ಲ, ಕೋರ್ಟಿನ್ಯಾಗೂ ಹೇಳಂಗಿಲ್ಲ."

ಹಿರಿಯರು ತಡವರಿಸಿದರು. ಹಾಗಾದರೆ ನೀನು ಕ್ಷಮಿಸಿದ ಹಾಗಾಗಲಿಲ್ಲ ತಾಯಿ, ಅವನಿಗೆ ಭೋಜನ ಉಂಟು, ನಿನಗೆ ಇಲ್ಲ ಎಂದರು. ಮೃದುವಾಗಿಯೇ ಹೇಳಿದರು. ಸಭೆಯಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಕಡಿದವನನ್ನು ಮುಂದಿನ ಸಾಲಿಗೂ ಕಡಿಸಿಕೊಂಡವಳನ್ನು ಕೊನೆಯ ಸಾಲಿಗೂ ಕಳಿಸಲು ನಮ್ಮ ಪದ್ಧತಿ ಸಿದ್ಧವಾಗಿ ನಿಂತಿತ್ತು. ಅಕ್ಕ ತಿರುಗಿ ಹಿಂದಕ್ಕೆ ಹೆಜ್ಜೆ ಹಾಕಿದಳು.

ನನಗೆ ತಡೆಯಲಾಗಲಿಲ್ಲ. ಮೇಜಿನ ಮೇಲಿನ ರೊಟ್ಟಿಯ ತಟ್ಟೆಗೂ ಬಟ್ಟಲಿಗೂ ವಸ್ತ್ರ ಮುಚ್ಚಿದೆ. ಇವತ್ತು ಯಾರಿಗೂ ಭೋಜನವಿಲ್ಲ, ನನಗೂ ಇಲ್ಲ ಎಂದೆ. ಈ ಮನುಷ್ಯ ತಾನು ಮಾಡಿದ್ದನ್ನು ತನ್ನ ಬಾಯಿಂದ ಇನ್ನೂ ಹೇಳಿಲ್ಲ. ಅವನ ಪಾಪದ ಜೊತೆಗೆ ಅವಳ ತಲೆಗೆ ಇನ್ನೊಂದು ಸುಳ್ಳನ್ನು ಹೊರಿಸಿ ಅದಕ್ಕೆ ಕ್ಷಮೆ ಎನ್ನುವುದಾದರೆ ನನ್ನ ಕೈಯಿಂದ ಆ ಬಟ್ಟಲು ಏಳುವುದಿಲ್ಲ ಎಂದೆ.

ನೆಲದ ಮೇಲೆ ಅಳುತ್ತಿದ್ದವನು ಎದ್ದ. ಮುಖ ಇನ್ನೂ ಒದ್ದೆಯಾಗಿತ್ತು, ಆದರೆ ಅಳು ಇರಲಿಲ್ಲ. ಮೇಣದ ಬತ್ತಿಯ ಹಿತ್ತಾಳೆ ಕಂಬವನ್ನು ಎತ್ತಿ ನೇರ ಅಕ್ಕನ ಕಡೆಗೆ ನುಗ್ಗಿದ. ನಾನು ನಡುವೆ ಹೋದೆ. ಮೊದಲ ಪೆಟ್ಟು ನನ್ನ ಭುಜಕ್ಕೆ ಬಿತ್ತು, ಒಳಗೆ ಎಲುಬು ಲಟಕ್ಕೆಂದದ್ದು ನನಗೇ ಕೇಳಿಸಿತು. ಎರಡನೆಯದು ಕಿವಿಯ ಮೇಲೆ ಸವರಿಕೊಂಡು ಹೋಯಿತು. ಬಟ್ಟಲು ಉರುಳಿ ದ್ರಾಕ್ಷಾರಸ ನೆಲಕ್ಕೆ ಚೆಲ್ಲಿತು, ಅದರಲ್ಲಿ ನನ್ನ ರಕ್ತವೂ ಬೆರೆಯಿತು. ಆಗ ನಾನು ಪಾಸ್ಟರನಾಗಿ ಉಳಿಯಲಿಲ್ಲ. ಪೆಟ್ಟಾಗದ ಕೈಯಿಂದ ಅವನ ಬಾಯಿಗೆ ಗುದ್ದಿದೆ. ಅವನು ಬಿದ್ದ ಮೇಲೂ ಎದೆಗೆ ಒದ್ದೆ. ಇನ್ನೊಂದು ಒದೆಗೆ ಕಾಲು ಎತ್ತಿದಾಗ ಹಿರಿಯರು ಹಿಂದಿನಿಂದ ತೆಕ್ಕೆ ಹಿಡಿದು ಎಳೆದರು. ಅವನ ಹಲ್ಲು ಉದುರಿದ್ದನ್ನು ನೋಡಿ ನನಗೆ ಸಂತೋಷವೇ ಆಗಿತ್ತು.

ಹಾನಗಲ್ಲಿನ ದವಾಖಾನೆಯಲ್ಲಿ ನನ್ನ ಭುಜಕ್ಕೆ ಪಟ್ಟಿ ಕಟ್ಟುವಾಗಲೇ ಪೊಲೀಸ್ ಫೌಜದಾರರು ಬಂದರು. ಅವರ ಹಿಂದೆಯೇ ಹಿರಿಯರೂ ಬಂದು ನನ್ನನ್ನು ಬದಿಗೆ ಕರೆದರು. ದೂರು ಕೊಡಬೇಡಿ, ಪಾಸ್ಟರರೇ ಕ್ಷಮಿಸದಿದ್ದರೆ ಜನ ನಮ್ಮನ್ನು ಏನೆಂದಾರು, ಜಾರಿ ಬಿದ್ದೆ ಎಂದು ಹೇಳಿಬಿಡಿ ಎಂದರು. ಜಾರಿ ಬಿದ್ದೆ ಎನ್ನುವುದು ನನಗೂ ಅನುಕೂಲವಾಗಿತ್ತು. ನಾನು ಗುದ್ದಿದ್ದೂ ಒದ್ದದ್ದೂ ಅದರಲ್ಲಿ ಮುಚ್ಚಿ ಹೋಗುತ್ತಿತ್ತು. ಅಕ್ಕನಿಗೆ ಹೇಳಿಕೊಟ್ಟಿದ್ದ ಯಂತ್ರದ ಕಥೆಯೇ ನನ್ನ ಅಳತೆಗೆ ಹೊಲಿದುಕೊಂಡು ಬಂದಿತ್ತು. ಬೇರೆಯವರ ಮೇಲೆ ಸಿಟ್ಟಾಗುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು.

ಫೌಜದಾರರನ್ನು ಕರೆದು ಅವನು ಹೊಡೆದದ್ದನ್ನು ಹೇಳಿದೆ. ಆಮೇಲೆ ನಾನು ಹೊಡೆದದ್ದನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, "ಒದ್ದದ್ದು ಬರೀಲೇಬೇಕೇನ್ರಿ? ನಿಮ್ಮ ಮ್ಯಾಲೂ ಕೇಸ್ ಆಗತೈತಿ," ಎಂದರು. ಬರೆಯಿರಿ ಎಂದೆ. ಹಿರಿಯರು ತಲೆಯ ಮೇಲೆ ಕೈ ಹೊತ್ತು ಕೂತರು. ಅವನ ಜಾಮೀನು ರದ್ದಾಯಿತು. ನನ್ನ ಮೇಲಿನ ಕೇಸು ಇನ್ನೂ ನಡೆದಿದೆ. ಮುಂದಿನ ಭಾನುವಾರ ನಾನು ಸಭೆಯ ಮುಂದೆ ನಿಂತು, ಯಾರಿಗೆ ಏನು ಮಾಡಿದೆ ಎಂಬುದನ್ನು ಹೇಳಿ, ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಹುಬ್ಬಳ್ಳಿಯಿಂದ ಬಂದ ಇನ್ನೊಬ್ಬ ಪಾಸ್ಟರರು ಪ್ರಸಂಗ ಮಾಡಿದರು.

ಕೈ ಜೋಳಿಗೆಯಲ್ಲಿ ನೇತು ಹಾಕಿಕೊಂಡು ಹಾವೇರಿ ಜೈಲಿಗೆ ಹೋದಾಗ ಅವನು ಜಾಲರಿಯ ಮೂಲಕ ನನ್ನ ಮುಖಕ್ಕೆ ಉಗುಳಿದ. ಒರೆಸಿಕೊಂಡು, ಹಲ್ಲು ಉದುರಿಸಿದ್ದು ನನ್ನ ತಪ್ಪು, ಕ್ಷಮಿಸು ಎಂದೆ. ಬೈದ. ಮುಂದಿನ ಸಲವೂ ಬೈದ. ಹೋಗುತ್ತಲೇ ಇದ್ದೆ. ಭಕ್ತಿಯಿಂದ ಹೋದೆ ಎಂದರೆ ಪೂರ್ತಿ ನಿಜವಲ್ಲ. ಇವನಿಗೆ ಸೋಲಬಾರದು ಎಂಬ ಹಟವೂ ಇತ್ತು. ನಿಮ್ಮ ಮೇಲೂ ಕೇಸು ಆಗಿದೆಯಂತೆ ಹೌದೇ ಎಂದು ಒಂದು ದಿನ ಅವನೇ ಕೇಳಿದ. ಹೌದು ಎಂದೆ. ಪೊಲೀಸರಿಗೆ ಯಾರು ಹೇಳಿದರು ಎಂದ. ನಾನೇ ಹೇಳಿದೆ ಎಂದೆ. ಒಮ್ಮೆ ಹಿಂದೆ ತಿರುಗಿ ನೋಡಿದ. ಆಮೇಲೆ ಜಾಲರಿಗೆ ಬಾಯಿ ಹಚ್ಚಿ ಹೇಳಿದ.

"ಕುತ್ತಿಗಿಗೆ ಬೀಸಿದ್ದೆರಿ. ಅಕಿ ಕೈ ಅಡ್ಡ ತಂದ್ಲು. ಮತ್ತೊಂದ ಸಲ ಬೀಸಾಕ ಎತ್ತಿದ್ದೆ, ಅಕಿ ನನ್ನ ಮಾರಿ ನೋಡಿದ್ಲು. ಎತ್ತಿದ ಕೈ ಇಳೀಲಿಲ್ಲ."

ಇದು ಯಾರಿಗೂ ಗೊತ್ತಿರದ ಮಾತು. ಅವನು ಅಳಲಿಲ್ಲ, ಬೆವರಿದ. ಪ್ರಾರ್ಥನೆ ಮಾಡಿರಿ, ದೇವರು ನನ್ನನ್ನು ಕ್ಷಮಿಸಬಹುದೇ ಎಂದು ಕೇಳಿದ. ಜಾಲರಿಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದೆ. ದೇವರು ಕ್ಷಮಿಸುತ್ತಾನೆ, ಅದರಲ್ಲಿ ನನಗೆ ಅನುಮಾನವಿಲ್ಲ ಎಂದೆ. ಆದರೆ ದೇವರ ಮುಂದೆ ಖರೆ, ನ್ಯಾಯಾಧೀಶರ ಮುಂದೆ ಯಂತ್ರ, ಎರಡೂ ಒಂದೇ ಬಾಯಿಯಿಂದ ಬರಲಾರವು. ನಿನ್ನ ಪರವಾಗಿ ನಾನು ಹೇಳುವುದಿಲ್ಲ, ಹೇಳಿದರೆ ಅದು ನಿನ್ನ ಅರಿಕೆಯಾಗುವುದಿಲ್ಲ ಎಂದೆ. ಎಷ್ಟು ವರ್ಷ ಒಳಗೆ ಹಾಕುತ್ತಾರೆ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅವನು ಎದ್ದು ಒಳಗೆ ಹೋದ. ಕೋರ್ಟಿನ ದಿನದವರೆಗೆ ಮತ್ತೆ ಭೇಟಿಗೇ ಬರಲಿಲ್ಲ.

ಹಾನಗಲ್ಲಿನ ಕೋರ್ಟಿನಲ್ಲಿ ಅಕ್ಕನ ಸಾಕ್ಷಿಯ ದಿನ ಹಿರಿಯರು, ನೆಂಟರು, ಗೌಡರು ಎಲ್ಲರೂ ಬಂದಿದ್ದರು. ಯಂತ್ರ ಎನ್ನವ್ವ ಎಂದು ಹಿರಿಯರು ಬೆಳಗಿನಿಂದ ಅವಳ ಬೆನ್ನು ಬಿದ್ದಿದ್ದರು. ಅವಳು ಬೆಂಚಿನ ಮೇಲೆ ಕೂತಿದ್ದಳು. ಅವಳ ಹೆಸರು ಕೂಗಿದಾಗ, ಅವಳು ಕಟಕಟೆ ಹತ್ತುವ ಮೊದಲೇ ಆ ಕಡೆಯಿಂದ ತಮ್ಮ ಕೈ ಎತ್ತಿದ.

"ಸಾಹೇಬ್ರ, ಅಕಿನ್ನ ಕೇಳಬ್ಯಾಡ್ರಿ. ನಾನ ಕಡದೇನಿ. ಕುತ್ತಿಗಿಗೆ ಬೀಸಿದ್ದೆ, ಕೈಗೆ ಬಿತ್ತು. ಕೊಲ್ಲಬೇಕಂತನ ಎತ್ತಿದ್ದೆ."

ವಕೀಲರು ಅವನ ತೋಳು ಜಗ್ಗಿದರು. ನ್ಯಾಯಾಧೀಶರು ಯಾರಾದರೂ ಹೆದರಿಸಿದ್ದಾರೆಯೇ ಎಂದು ಕೇಳಿ, ಮಧ್ಯಾಹ್ನದವರೆಗೆ ಯೋಚಿಸು ಎಂದು ಹೊತ್ತು ಕೊಟ್ಟರು. ಕೊಲ್ಲುವ ಮನಸ್ಸಿತ್ತು ಎಂದರೆ ಕೇಸು ಇಲ್ಲಿ ಮುಗಿಯುವುದಿಲ್ಲ, ಹಾವೇರಿಯ ದೊಡ್ಡ ಕೋರ್ಟಿಗೆ ಹೋಗುತ್ತದೆ, ಶಿಕ್ಷೆ ಹೆಚ್ಚಾಗುತ್ತದೆ ಎಂದು ಬಿಡಿಸಿ ತಿಳಿಸಿದರು. ಊಟದ ಹೊತ್ತು ಮುಗಿದ ಮೇಲೆ ಅವನು ಅದೇ ಮಾತುಗಳನ್ನು ಮತ್ತೆ ಹೇಳಿದ. ಒಂದನ್ನೂ ಬಿಡಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಇಬ್ಬರು ಪೊಲೀಸರ ನಡುವೆ ಅವನನ್ನು ಕರೆದೊಯ್ಯುವಾಗ ಅಕ್ಕ ಅಡ್ಡ ನಿಂತಳು. ಹಿರಿಯರು ಹೆದರಿ ನನ್ನ ಅಂಗಿ ಹಿಡಿದರು. ಅವಳು ತಮ್ಮನಿಗೆ ಹೇಳಿದಳು.

"ನಿನ್ನ ಪಾಲಿನ ಹೊಲಾ ಬೀಳ ಬೀಳಂಗಿಲ್ಲ. ನಾ ಬಿತ್ತಸ್ತೇನಿ. ಬೆಳಿ ನಿನ್ನ ಹೇಣ್ತಿ ಒಯ್ತಾಳ."

ಪೊಲೀಸರು ಹಿಡಿದರೂ ನಿಲ್ಲದೆ ತಮ್ಮ ನೆಲಕ್ಕೆ ಕೂತ. ಅಲ್ಲಿಂದಲೇ ತಲೆ ಎತ್ತಿ ಕೇಳಿದ, "ಅಕ್ಕಾ, ನನ್ನ ಮಾಫಿ ಮಾಡತೀಯೇನ?"

"ಅದನ್ನ ದವಾಖಾನ್ಯಾಗಿದ್ದಾಗ ಮಾಡೇನಿ," ಎಂದಳು ಅಕ್ಕ. "ಇಸಗೊಳ್ಳಾಕ ನೀ ಬಂದಿದ್ದಿಲ್ಲ."

ಪೊಲೀಸರು ಅವನನ್ನು ಎಳೆಯಲಿಲ್ಲ. ಅವನಾಗಿಯೇ ಎದ್ದು ನಿಲ್ಲುವವರೆಗೆ ಕಾದರು.